ಅನಿದ್ರೆ, ಅಗ್ನಿಮಾಂದ್ಯ ಮತ್ತು ದೇಹಪ್ರಕೃತಿಯ ಪ್ರಶ್ನೆ

ರಾತ್ರಿ ನಿದ್ರೆ ಬಾರದಿರುವುದೂ ಉಂಡ ಅನ್ನ ಕರಗದಿರುವುದೂ ವೈದ್ಯಗ್ರಂಥಗಳಲ್ಲಿ ಬೇರೆಬೇರೆ ಅಧ್ಯಾಯಗಳಲ್ಲಿ ವರ್ಣಿತವಾಗಿದ್ದರೂ, ವೈದ್ಯನ ಜಗಲಿಯೇರಿ ಬರುವ ರೋಗಿಯಲ್ಲಿ ಅವೆರಡೂ ಒಡನೊಡನೆ ನೆಲಸಿರುವುದು ಎಷ್ಟು ಸಾಮಾನ್ಯವೆಂಬುದನ್ನು, ಪರಸ್ಪರ ಒಪ್ಪದ ಹಲವು ವೈದ್ಯಪದ್ಧತಿಗಳು ಒಂದೇ ಊರಿನಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿರುವ ಮಂಗಳೂರಿನವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಬೆಳಗಿನ ಮೂರು ಗಂಟೆಗೆ ಎಚ್ಚತ್ತು ಹೊಟ್ಟೆಯುಬ್ಬರದಿಂದ ಹೊರಳಾಡುವವನು ಆಯುರ್ವೇದ ಪಂಡಿತರಿಂದ ವಾತದ ಮಾತನ್ನೂ, ಹೋಮಿಯೋಪಥಿಯವರಿಂದ ಸ್ವಭಾವದ ಮಾತನ್ನೂ, ಹಕೀಮರಿಂದ ಮಿಜಾಜಿನ ಮಾತನ್ನೂ, ದೊಡ್ಡಾಸ್ಪತ್ರೆಯವರಿಂದ ಆಮ್ಲದ ಮಾತನ್ನೂ ಕೇಳಿಬರುವನು. ಮೊದಲ ಮೂರು ಉತ್ತರಗಳ ತಳದಲ್ಲಿರುವುದು ಒಂದೇ ನಂಬಿಕೆ: ಮನುಷ್ಯರೆಲ್ಲರೂ ಒಂದೇ ಅಚ್ಚಿನವರಲ್ಲ, ಹುಟ್ಟಿನೊಡನೆ ಬಂದ ದೇಹಪ್ರಕೃತಿಯೇ ಯಾರಿಗೆ ಯಾವ ರೋಗ ಒಲಿಯುವುದೆಂಬುದನ್ನೂ ಯಾವ ಮದ್ದು ಹಿಡಿಯುವುದೆಂಬುದನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ದೂರದ ಕೊರಿಯಾ ದೇಶದಲ್ಲಿ ಈ ನಂಬಿಕೆಯು ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಸ್ವತಂತ್ರ ಶಾಸ್ತ್ರವಾಗಿಯೇ ಬೆಳೆಯಿತು. ಆ ಶಾಸ್ತ್ರವನ್ನೂ ನಮ್ಮ ಕರಾವಳಿಯಲ್ಲಿ ರೂಢಿಯಲ್ಲಿರುವ ಮತಗಳನ್ನೂ ಎದುರುಬದುರಾಗಿ ಇಟ್ಟು ನೋಡಿ, ಅನಿದ್ರೆ ಮತ್ತು ಅಗ್ನಿಮಾಂದ್ಯಗಳ ಈ ಜೋಡಿಯನ್ನು ಯಾವ ಮತ ಎಷ್ಟರ ಮಟ್ಟಿಗೆ ವಿವರಿಸುತ್ತದೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕರಾವಳಿಯ ಹಿನ್ನೆಲೆ

ತುಳುನಾಡಿನ ಮನೆಮಂದಿಗೆ ದೇಹಪ್ರಕೃತಿಯ ವಿಚಾರವನ್ನು ಗ್ರಂಥಗಳು ಕಲಿಸಬೇಕಾಗಿರಲಿಲ್ಲ. ಬದನೆ ನಂಜು, ಹಲಸು ವಾಯು, ಹುರುಳಿ ಉಷ್ಣ, ತಿಮರೆ ತಂಪು ಎಂಬ ವಿಭಾಗ ಇಲ್ಲಿನ ಅಡುಗೆಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಒಬ್ಬನಿಗೆ ಆಗುವುದು ಇನ್ನೊಬ್ಬನಿಗೆ ಆಗದು ಎಂಬ ತಿಳಿವಳಿಕೆಯೂ ಅದರೊಡನೆ ಇದೆ. ಈ ನೆಲದ ವೈದ್ಯಸ್ಮೃತಿ ಹಳೆಯದು. ಪಡುಮಲೆಯ ಬಲ್ಲಾಳನ ಕಾಲಿನ ಹುಣ್ಣನ್ನು ಗುಣಪಡಿಸಿದ ದೇಯಿ ಬೈದೆತಿಯ ಕಥೆ ಕೋಟಿ ಚೆನ್ನಯರ ಪಾಡ್ದನದ ಮೂಲಕ ಮನೆಮನೆಗೆ ತಿಳಿದಿರುವುದು, ಸೊಪ್ಪು ಬೇರುಗಳ ವಿದ್ಯೆಗೆ ಇಲ್ಲಿ ಸಲ್ಲುತ್ತಿದ್ದ ಗೌರವವನ್ನು ಸೂಚಿಸುತ್ತದೆ.

ಆಟಿ ತಿಂಗಳ ಅಮಾವಾಸ್ಯೆಯ ಆಚರಣೆಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಸೂರ್ಯೋದಯಕ್ಕೆ ಮುನ್ನ ಹಾಲೆಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಕರಿಮೆಣಸು ಬೆಳ್ಳುಳ್ಳಿ ಓಮಗಳೊಡನೆ ಅರೆದು ಹಿಂಡಿದ ಆ ಕಹಿರಸಕ್ಕೆ ಕಾಯಿಸಿದ ಬಿಳಿಕಲ್ಲಿನ ಒಗ್ಗರಣೆ ಕೊಟ್ಟು ಬರಿಹೊಟ್ಟೆಯಲ್ಲಿ ಕುಡಿದು, ತರುವಾಯ ಮೆಂತೆಯ ಗಂಜಿ ಉಣ್ಣುವ ಈ ಪದ್ಧತಿಯು ವರ್ಷದಲ್ಲಿ 3,500 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಊರಿನಲ್ಲಿ, ಮಳೆಗಾಲದ ನಟ್ಟನಡುವೆ ಬರುತ್ತದೆ. ವರ್ಷಋತುವಿನಲ್ಲಿ ಜಠರಾಗ್ನಿಯು ಸಹಜವಾಗಿಯೇ ಕುಗ್ಗಿರುವುದೆಂದು ಚರಕಸಂಹಿತೆ ಹೇಳುವುದಕ್ಕೂ ಈ ಆಚರಣೆಯ ಕಾಲಕ್ಕೂ ಇರುವ ಹೊಂದಿಕೆ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಹಾಲೆಯೆಂದು ಭ್ರಮಿಸಿ ಕಾಸರಕದ ತೊಗಟೆಯನ್ನು ತಂದು ಕುಡಿದವರಿಗೆ ಪ್ರಾಣಾಪಾಯವಿದೆ. ಮರವನ್ನು ಬಲ್ಲ ಹಿರಿಯರು ಮನೆಯಲ್ಲಿ ವಿರಳವಾಗುತ್ತಿರುವ ಈ ದಿನಗಳಲ್ಲಿ ಆ ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಅಧಿಕವಾಗದು.

ಇಂತಹ ನೆಲಕ್ಕೆ ಹೊರಗಿನ ಪದ್ಧತಿಗಳೂ ಬಂದು ಬೇರೂರಿದವು. ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರರು 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧ ಕೊಡತೊಡಗಿದುದು ಕಂಕನಾಡಿಯಲ್ಲಿ ಇಂದು ಕಾಣುವ ಬೃಹತ್ ಸಂಸ್ಥೆಗೆ ಮೂಲವಾಯಿತು. ಅದಕ್ಕೂ ಹಿಂದಿನದಾದ ವೆನ್ಲಾಕ್ ಆಸ್ಪತ್ರೆಯು, 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ, ವಿದ್ಯಾರ್ಥಿಗಳಿಗೆ ರೋಗಿಯ ಹಾಸಿಗೆಯ ಬದಿಯ ಪಾಠಶಾಲೆಯೂ ಆಯಿತು.

ಚರಕ ಸುಶ್ರುತರ ಭಿನ್ನಮತ

ಆಯುರ್ವೇದದಲ್ಲಿ ನಿದ್ರೆಗೆ ಸಂದಿರುವ ಸ್ಥಾನ ಅಸಾಧಾರಣವಾದುದು. ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರು ಉಪಸ್ತಂಭಗಳ ಮೇಲೆ ಶರೀರ ನಿಂತಿದೆಯೆಂದು ಚರಕನು ಹೇಳುವಾಗ, ನಮ್ಮ ಎರಡು ರೋಗಗಳೂ ಒಮ್ಮೆಗೇ ಎರಡು ಕಂಬಗಳನ್ನು ಅಲುಗಿಸುವುವೆಂಬ ಅರ್ಥ ಅದರಲ್ಲಿ ಅಡಗಿದೆ. ನಿದ್ರಾನಾಶಕ್ಕೆ ಅವನು ಕೊಡುವ ಐದು ಕಾರಣಗಳು ಕಾರ್ಯ, ಕಾಲ, ವ್ಯಾಧಿ, ಪ್ರಕೃತಿ ಮತ್ತು ವಾಯು. ಪ್ರಕೃತಿಯನ್ನು ವ್ಯಾಧಿಯಿಂದ ಬೇರ್ಪಡಿಸಿ ಪ್ರತ್ಯೇಕ ಕಾರಣವೆಂದು ಎಣಿಸಿರುವುದನ್ನು ಗಮನಿಸಬೇಕು: ಕೆಲವರು ರೋಗವಿಲ್ಲದೆಯೇ ಅಲ್ಪನಿದ್ರರು. ಸುಶ್ರುತನು ವಾತ, ಪಿತ್ತ, ಮನಸ್ತಾಪ, ಕ್ಷಯ, ಅಭಿಘಾತ ಎಂದು ಬೇರೆ ಪಟ್ಟಿಯನ್ನೇ ಕೊಡುತ್ತಾನೆ. ಅಲ್ಲಿ ಪ್ರಕೃತಿಗೆ ಸ್ಥಳವಿಲ್ಲ, ಮನಸ್ಸಿನ ಬೇಗೆಗೆ ಇದೆ.

ಜಠರಾಗ್ನಿಯನ್ನು ಸಮ, ವಿಷಮ, ತೀಕ್ಷ್ಣ, ಮಂದ ಎಂದು ನಾಲ್ಕಾಗಿ ವಿಭಾಗಿಸುವಲ್ಲಿ ಆಚಾರ್ಯರಿಗೆ ಒಮ್ಮತವಿದೆ. ವಾತಪ್ರಕೃತಿಯವನದು ವಿಷಮಾಗ್ನಿ, ಒಂದು ದಿನ ಕಲ್ಲನ್ನೂ ಕರಗಿಸುವಂತಿದ್ದು ಮರುದಿನ ತಿಳಿಗಂಜಿಯನ್ನೂ ಒಲ್ಲದು, ಪಿತ್ತದವನದು ತೀಕ್ಷ್ಣ, ಕಫದವನದು ಮಂದ. ನಿದ್ರೆಯ ಲೆಕ್ಕದಲ್ಲಿ ಕಫದವನು ಬಹುನಿದ್ರನು, ವಾತದವನು ಜಾಗರೂಕನು. ಈ ಕೋಷ್ಟಕವನ್ನು ಅದರ ಅಕ್ಷರಾರ್ಥದಲ್ಲಿ ಹಿಡಿದರೆ ಒಂದು ವಿಚಿತ್ರ ಫಲ ಬರುತ್ತದೆ: ಮಂದಾಗ್ನಿಯಿರುವವನಿಗೆ ನಿದ್ರೆ ಹೆಚ್ಚಾಗಿರಬೇಕು, ನಿದ್ರೆಯಿಲ್ಲದವನ ಅಗ್ನಿಯು ಮಂದವಾಗಿರಕೂಡದು. ಆದರೆ ನಾವು ಪ್ರತಿದಿನ ಕಾಣುವ ರೋಗಿಯು ಈ ಎರಡು ಮನೆಗಳಲ್ಲಿ ಯಾವುದರಲ್ಲಿಯೂ ಸಲೀಸಾಗಿ ಕುಳಿತುಕೊಳ್ಳನು. ದ್ವಂದ್ವಪ್ರಕೃತಿಯೆಂಬ ವಿಭಾಗವನ್ನು ಆಶ್ರಯಿಸಿ ಅವನನ್ನು ವಾತಕಫಜನೆಂದು ಕರೆಯುವುದು ಒಂದು ದಾರಿ. ಅವನ ಅಗ್ನಿಯು ನಿಜವಾಗಿ ಮಂದವಲ್ಲ, ವಿಷಮವೇ ಆಗಿದ್ದು ಮಂದದಂತೆ ತೋರುವುದೆಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಸಮಂಜಸವೆಂದು ನನ್ನ ಅಭಿಪ್ರಾಯ. ಏಕೆಂದರೆ ಇಂತಹವರನ್ನು ಸಾವಧಾನದಿಂದ ವಿಚಾರಿಸಿದಾಗ, ಹಸಿವು ಎಂದೂ ಇಲ್ಲವೆನ್ನುವವರಿಗಿಂತ, ಇದ್ದಕ್ಕಿದ್ದಂತೆ ಇದ್ದು ಇದ್ದಕ್ಕಿದ್ದಂತೆ ಇಲ್ಲವಾಗುವುದೆನ್ನುವವರೇ ಹೆಚ್ಚು.

ಇದಕ್ಕಿಂತ ಆಳವಾದ ವಿವಾದ ಇನ್ನೊಂದಿದೆ. ಮೂರು ದೋಷಗಳೂ ಸಮವಾಗಿರುವವರು ಮಾತ್ರ ಆರೋಗ್ಯವಂತರು, ವಾತಲ ಪಿತ್ತಲ ಕಫಲರೆಂಬವರು ಸದಾ ಆತುರರು, ಎಂದರೆ ರೋಗದ ಅಂಚಿನಲ್ಲಿಯೇ ಬಾಳುವವರು ಎಂದು ಚರಕನ ಮತ. ಸುಶ್ರುತನು ಇದನ್ನು ಒಪ್ಪುವಂತಿಲ್ಲ. ವಿಷದಲ್ಲಿ ಹುಟ್ಟಿದ ಕ್ರಿಮಿಗೆ ಆ ವಿಷವು ಬಾಧಕವಲ್ಲದಿರುವ ಹಾಗೆ ಹುಟ್ಟಿನ ಪ್ರಕೃತಿಯು ಆ ಮನುಷ್ಯನಿಗೆ ಬಾಧಕವಲ್ಲವೆಂದು ಅವನ ಸಮಾಧಾನ. ರಾತ್ರಿ ಐದೇ ಗಂಟೆ ಮಲಗಿ ಅಲ್ಪವನ್ನೇ ಉಂಡು ಎಂಬತ್ತು ವರ್ಷ ಲವಲವಿಕೆಯಿಂದ ಬಾಳಿದವರು ನಮ್ಮಲ್ಲಿ ಇಲ್ಲದಿಲ್ಲ. ಅವರಿಗೆ ಚಿಕಿತ್ಸೆ ಬೇಕೋ ಬೇಡವೋ ಎಂಬುದು ಈ ವಿವಾದದಲ್ಲಿ ಯಾರ ಪಕ್ಷವನ್ನು ಹಿಡಿಯುತ್ತೇವೆಂಬುದನ್ನೇ ಅವಲಂಬಿಸಿದೆ.

ಮದ್ದಿಗೆ ಮದ್ದೇ ಅಡ್ಡಿ

ಯಾವುದು ಮೊದಲು ಕೆಟ್ಟಿತೆಂಬ ಪ್ರಶ್ನೆಗೆ ಪರಂಪರೆಯಲ್ಲಿ ಎರಡು ಉತ್ತರಗಳಿವೆ. ಸರ್ವರೋಗಗಳೂ ಮಂದಾಗ್ನಿಯಿಂದಲೇ ಹುಟ್ಟುತ್ತವೆಂಬ ವಾಗ್ಭಟನ ಮಾತನ್ನು ಹಿಡಿದವರಿಗೆ ಜಠರವೇ ಮೂಲ. ಆದರೆ ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ಹಿತವಾದ ಅನ್ನವನ್ನು ಮಿತವಾಗಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ, ಕಷ್ಟದ ಹಾಸಿಗೆ ಮತ್ತು ಜಾಗರಣೆಗಳಿಂದ ಅದು ಜೀರ್ಣವಾಗದೆಂಬ ಮಾತೊಂದಿದೆ. ಇದರ ಪ್ರಕಾರ ನಿದ್ರೆ ಕೆಟ್ಟದ್ದೇ ಮೊದಲು, ಹೊಟ್ಟೆ ಕೆಟ್ಟದ್ದು ಅದರ ಬೆನ್ನಿಗೆ. ತರ್ಕದ ದೃಷ್ಟಿಯಿಂದ ಎರಡನ್ನೂ ಒಪ್ಪಬಹುದು. ತೊಡಕು ಏಳುವುದು ಚಿಕಿತ್ಸೆಯಲ್ಲಿ.

ನಿದ್ರಾಜನಕ ದ್ರವ್ಯಗಳಲ್ಲಿ ಎಮ್ಮೆಯ ಹಾಲು ಅಗ್ರಗಣ್ಯವೆಂದು ಚರಕನ ನಿರ್ಣಯ. ಅದರೊಡನೆ ಅವನು ಹೇಳುವವು ಮೊಸರು ಬೆರೆಸಿದ ಶಾಲಿಯನ್ನ, ಜಲಚರಪ್ರಾಣಿಗಳ ಮಾಂಸರಸ, ತುಪ್ಪ, ಮದ್ಯ. ಮದ್ಯವನ್ನು ಬಿಟ್ಟರೆ ಇವು ಬಹುಮಟ್ಟಿಗೆ ಗುರು, ಸ್ನಿಗ್ಧ. ಅಗ್ನಿ ಬಲವಾಗಿರುವವನಿಗೆ ಮಾತ್ರ ದಕ್ಕುವಂಥವು. ಇತ್ತ ಅಗ್ನಿಮಾಂದ್ಯಕ್ಕೆ ಹೇಳುವ ಶುಂಠಿ, ಹಿಪ್ಪಲಿ, ಮೆಣಸು, ಲಂಘನ ಇವೆಲ್ಲ ಬಹುಮಟ್ಟಿಗೆ ಲಘು, ತೀಕ್ಷ್ಣ. ಅತಿಯಾದರೆ ವಾತವನ್ನು ಕೆರಳಿಸಿ ಇದ್ದ ನಿದ್ರೆಯನ್ನೂ ಓಡಿಸಬಲ್ಲವು. ಒಂದು ರೋಗದ ಮದ್ದು ಇನ್ನೊಂದಕ್ಕೆ ಅಪಥ್ಯವಾಗುವ ಈ ಸನ್ನಿವೇಶವೇ ಪ್ರಕೃತಿಸಿದ್ಧಾಂತಕ್ಕೆ ಒರೆಗಲ್ಲೆಂದು ನಾನು ಭಾವಿಸುತ್ತೇನೆ. ಯಾವ ಮತವು ಇಲ್ಲಿ ದಾರಿ ತೋರುವುದೋ ಅದು ಹೆಸರಿಡುವುದಕ್ಕಿಂತ ಹೆಚ್ಚಿನದನ್ನು ಮಾಡಿತೆಂದು ಒಪ್ಪಬಹುದು.

ದಾರಿಯು ಚರಕನ ಅದೇ ಪಟ್ಟಿಯ ಉಳಿದರ್ಧದಲ್ಲಿಯೇ ಇದೆ. ಅಭ್ಯಂಗ, ಸ್ನಾನ, ಮೈಯೊತ್ತುವುದು, ತಲೆಗೂ ಮುಖಕ್ಕೂ ಲೇಪ, ಇಷ್ಟವಾದ ಗಂಧ ಮತ್ತು ಶಬ್ದ, ಸುಖವಾದ ಶಯ್ಯೆ, ಮನಸ್ಸಿನ ನೆಮ್ಮದಿ, ಮಲಗುವುದಕ್ಕೆ ತಕ್ಕ ಕಾಲ ಇವು ಬಾಯಿಯ ಮೂಲಕ ಹೋಗುವಂಥವಲ್ಲ; ಅಗ್ನಿಗೆ ಅವುಗಳ ಭಾರವಿಲ್ಲ. ಆದಕಾರಣ ಇಬ್ಬಗೆಯ ರೋಗಿಗೆ ಬಾಯಿಯಿಂದ ಜಠರದ ಮದ್ದನ್ನೂ ಚರ್ಮದಿಂದ ನಿದ್ರೆಯ ಮದ್ದನ್ನೂ ಕೊಡುವ ಕ್ರಮವು ಶಾಸ್ತ್ರಸಮ್ಮತವಾಗಿಯೇ ಸಿದ್ಧಿಸುತ್ತದೆ. ಹಣೆಯ ಮೇಲೆ ಔಷಧಸಿದ್ಧವಾದ ಮಜ್ಜಿಗೆಯನ್ನು ಧಾರೆಗಟ್ಟಿ ಹೊಯ್ಯುವ ತಕ್ರಧಾರೆಯು ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಅನಿದ್ರೆಗೆ ಪ್ರಸಿದ್ಧವಾದ ಉಪಚಾರ. ಕುಡಿದರೆ ಅಗ್ನಿದೀಪಕವೆನಿಸುವ ಅದೇ ಮಜ್ಜಿಗೆ ತಿಮರೆಯ ತಂಬುಳಿಯಾಗಿ ಮಧ್ಯಾಹ್ನದ ಎಲೆಗೂ ಬರುವುದು ಕರಾವಳಿಯ ಪಾಕಕ್ರಮದ ವಿವೇಕ. ಜೈನಾಚಾರ್ಯ ಉಗ್ರಾದಿತ್ಯನು ಕಲ್ಯಾಣಕಾರಕದಲ್ಲಿ ಮದ್ಯ ಮಾಂಸ ಮಧುಗಳನ್ನು ಔಷಧದಿಂದಲೂ ಹೊರಗಿಟ್ಟುದನ್ನು ನೆನೆದರೆ, ಚರಕನ ಪಟ್ಟಿಯ ಅರ್ಧವನ್ನು ಬಿಟ್ಟುಕೊಟ್ಟರೂ ವೈದ್ಯವು ನಡೆಯಬಲ್ಲುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಹಳೆಯ ನಿದರ್ಶನವಿದೆ.

ಜಾಗರಣೆಯ ವಿಷಯದಲ್ಲಿಯೂ ಪ್ರಾಚೀನರ ಮಾತು ಇಲ್ಲಿಯವರಿಗೆ ಬಹಳ ಉಪಯುಕ್ತ. ರಾತ್ರಿಯಿಡೀ ಭೂತಕೋಲದಲ್ಲಿ ಕುಳಿತವರು, ನಸುಕಿಗೆ ದಕ್ಕೆಯಲ್ಲಿ ಮೀನು ಇಳಿಸುವವರು, ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡುವ ದಾದಿಯರು ಇವರೆಲ್ಲ ಕಳೆದುಕೊಂಡ ನಿದ್ರೆಯ ಅರ್ಧದಷ್ಟನ್ನು ಬೆಳಗ್ಗೆ ಉಣ್ಣುವುದಕ್ಕೆ ಮೊದಲು ಮಲಗಿ ತುಂಬಿಕೊಳ್ಳಬೇಕೆಂದು ವಾಗ್ಭಟನ ವಿಧಿಯಿಂದ ತಿಳಿದುಬರುತ್ತದೆ. ಬೇಸಿಗೆಯ ಹೊರತು ಹಗಲುನಿದ್ರೆಯನ್ನು ನಿಷೇಧಿಸುವ ಚರಕನೇ ಅಜೀರ್ಣದಿಂದ ಪೀಡಿತನಾದವನಿಗೆ ಅದನ್ನು ವಿಧಿಸುತ್ತಾನೆ. ಬಹುಮಂದಿ ಮಾಡುವುದು ಇದಕ್ಕೆ ವಿರುದ್ಧ: ಹೊಟ್ಟೆ ತುಂಬ ಉಂಡು ಮಲಗುವುದು.

ಕೊರಿಯಾದ ನಾಲ್ಕು ಪ್ರಕೃತಿಗಳು

ಕೊರಿಯಾದ ವೈದ್ಯವು ದೀರ್ಘಕಾಲ ಚೀನೀ ಶಾಸ್ತ್ರವನ್ನು ಅನುಸರಿಸಿತು. 1613ರಲ್ಲಿ ಮುದ್ರಿತವಾದ ಹೊ ಜುನ್‌ನ ದೊಂಗ್ಯಿ ಬೊಗಾಮ್ ಎಂಬ ಮಹಾಗ್ರಂಥ ಆ ಪರಂಪರೆಯ ಸಾರಸಂಗ್ರಹ. ಜಠರವು ಶಾಂತವಾಗಿರದಿದ್ದರೆ ಶಯನವೂ ಶಾಂತವಾಗಿರದೆಂಬುದು ಚೀನೀ ಪ್ರಾಚೀನ ಗ್ರಂಥಗಳ ಮತ. ಚಿಂತೆಯು ಹೃದಯವನ್ನೂ ಪ್ಲೀಹವನ್ನೂ ಒಟ್ಟಿಗೆ ಕುಂದಿಸಿ ನಿದ್ರೆ ಹಸಿವೆಗಳೆರಡನ್ನೂ ಕಸಿಯುವುದೆಂಬುದು ತರುವಾಯದ ಮತ. ಪ್ಲೀಹವೆಂದರೆ ಅವರಲ್ಲಿ ಪಚನದ ಅಧಿಪತಿ. ಈ ಎರಡನೆಯ ಮತಕ್ಕೆ ಅನುಗುಣವಾದ ಗ್ವಿಬಿತಾಂಗ್ ಎಂಬ ಕಷಾಯದಲ್ಲಿ ಜಿನ್‌ಸೆಂಗ್ ಬೇರಿನೊಡನೆ ಬೋರೆಜಾತಿಯ ಹಣ್ಣಿನ ಬೀಜವೂ ಸೇರಿದ್ದು, ಒಂದು ಪಚನಕ್ಕೆ, ಇನ್ನೊಂದು ನಿದ್ರೆಗೆ ನೆರವಾಗುವುದೆಂದು ಎಣಿಕೆ.

ಇ ಜೆಮಾ ಎಂಬ ವಿದ್ವಾಂಸನು 1894ರಲ್ಲಿ ಬರೆದು ಮುಗಿಸಿದ ಗ್ರಂಥದಲ್ಲಿ ರೋಗದಿಂದ ರೋಗಿಯ ಕಡೆಗೆ ದೃಷ್ಟಿಯನ್ನು ತಿರುಗಿಸಿದನು. ಮನುಷ್ಯರು ತೇಯಾಂಗ್, ತೇಉಮ್, ಸೋಯಾಂಗ್, ಸೋಉಮ್ ಎಂದು ನಾಲ್ಕು ಬಗೆ. ಪ್ರತಿಯೊಬ್ಬನಲ್ಲಿಯೂ ಒಂದು ಅಂಗ ಹುಟ್ಟಿನಿಂದಲೇ ಪ್ರಬಲ, ಇನ್ನೊಂದು ದುರ್ಬಲ. ಹತ್ತು ಸಾವಿರ ಜನರ ಊರಿನಲ್ಲಿ 5,000 ತೇಉಮ್, 3,000 ಸೋಯಾಂಗ್, 2,000 ಸೋಉಮ್ ಜನರಿರುವರೆಂದೂ ತೇಯಾಂಗ್ ಜನರು ಬೆರಳೆಣಿಕೆಯಷ್ಟೇ ಎಂದೂ ಅವನ ಅಂದಾಜು. ಸೋಉಮ್ ಪ್ರಕೃತಿಯವನ ಮೂತ್ರಪಿಂಡ ಪ್ರಬಲ, ಪ್ಲೀಹ ದುರ್ಬಲ. ಮೈ ತಣ್ಣನೆಯದು, ಸ್ವಭಾವ ಸೂಕ್ಷ್ಮ, ಅಳುಕು ಹೆಚ್ಚು. ಈತನೇ ನಮ್ಮ ಇಬ್ಬಗೆಯ ರೋಗಿ. ಇ ಜೆಮಾನ ಅತ್ಯಂತ ಸ್ವತಂತ್ರವಾದ ವಿಚಾರವೆಂದರೆ ಪ್ರತಿ ಪ್ರಕೃತಿಗೂ ಆರೋಗ್ಯದ ಕುರುಹನ್ನು ಬೇರೆಬೇರೆಯಾಗಿ ಗೊತ್ತುಪಡಿಸಿದುದು: ತೇಉಮ್ ಜನರಿಗೆ ಬೆವರು ಸರಾಗವಾಗಿ ಹರಿದರೆ ಆರೋಗ್ಯ, ಸೋಯಾಂಗ್ ಜನರಿಗೆ ಮಲಪ್ರವೃತ್ತಿ ಸುಗಮವಾದರೆ, ಸೋಉಮ್ ಜನರಿಗೆ ಅನ್ನ ಚೆನ್ನಾಗಿ ಕರಗಿದರೆ. ಹೀಗಿರಲಾಗಿ ಸೋಉಮ್ ವ್ಯಕ್ತಿಯ ಅನಿದ್ರೆಗೆ ಜಿನ್‌ಸೆಂಗ್ ಶುಂಠಿಗಳಂತಹ ಉಷ್ಣದ್ರವ್ಯಗಳಿಂದ ಪಚನವನ್ನು ಸರಿಪಡಿಸುವುದೇ ಮೊದಲ ಹೆಜ್ಜೆ. ಸೋಯಾಂಗ್ ವ್ಯಕ್ತಿಗೆ ಅದೇ ಔಷಧ ಬೆಂಕಿಗೆ ತುಪ್ಪವಾದೀತು.

ಚರಕನ ಕೋಷ್ಟಕದಲ್ಲಿ ಎರಡು ಮನೆಗಳಿಗೆ ಹಂಚಿಹೋದ ರೋಗಿಗೆ ಇಲ್ಲಿ ಒಂದೇ ಮನೆ ದೊರೆತುದು ಈ ಮತದ ಬಲ. ಯಾವುದನ್ನು ಮೊದಲು ಸರಿಪಡಿಸಬೇಕೆಂಬುದಕ್ಕೂ ಇಲ್ಲಿ ನಿಸ್ಸಂದಿಗ್ಧವಾದ ಉತ್ತರವಿದೆ. ಆದರೆ ಜೀವಮಾನವಿಡೀ ಬದಲಾಗದ ನಾಲ್ಕೇ ಅಚ್ಚುಗಳಲ್ಲಿ ಮನುಷ್ಯಕುಲವನ್ನು ಹೊಂದಿಸಬೇಕಾದುದು ಅದರ ದೌರ್ಬಲ್ಯ. ಏಳು ಪ್ರಕೃತಿಗಳನ್ನು ಒಪ್ಪಿ, ದೇಶ ಕಾಲ ವಯಸ್ಸುಗಳಿಗೂ ಸ್ಥಳ ಬಿಟ್ಟಿರುವ ಆಯುರ್ವೇದವು ಈ ವಿಷಯದಲ್ಲಿ ಹೆಚ್ಚು ಉದಾರವಾದುದು.

ಯೂನಾನಿ ಮತ್ತು ಹೋಮಿಯೋಪಥಿ

ಯೂನಾನಿಯಲ್ಲಿ ನಿದ್ರೆ ಎಚ್ಚರಗಳು ಬದುಕಿಗೆ ಅನಿವಾರ್ಯವಾದ ಆರು ಕಾರಣಗಳಲ್ಲಿ ಒಂದು. ಮೆದುಳಿನಲ್ಲಿ ಶುಷ್ಕತೆ ಹೆಚ್ಚಿದರೆ ಸಹರ್ ಎಂಬ ಅನಿದ್ರೆ; ಜಠರದ ದುರ್ಬಲತೆಗೆ ಜೋಫೆ ಮೇದಾ ಎಂದು ಹೆಸರು. ಕೆಟ್ಟ ಜಠರದಿಂದ ಆವಿಗಳು ತಲೆಗೇರುವುವೆಂಬ ಕಲ್ಪನೆ ಎರಡನ್ನೂ ಬೆಸೆಯುತ್ತದೆ. ಹೊಟ್ಟೆಗೆ ಜೀರಿಗೆಯ ಜವಾರಿಷ್, ತಲೆಗೆ ಬಾದಾಮಿಯ ಎಣ್ಣೆ: ಒಳಗೊಂದು ಹೊರಗೊಂದು ಎಂಬ, ಮೇಲೆ ಹೇಳಿದ ಕ್ರಮವನ್ನೇ ಹಕೀಮರೂ ತಲಪಿರುವುದು ಕುತೂಹಲಕರ.

ಹೋಮಿಯೋಪಥಿಯಲ್ಲಿ, ಮುಖ್ಯವಾಗಿ ಅಮೆರಿಕದ ಕೆಂಟನ ತರುವಾಯ, ರೋಗಿಯ ಒಟ್ಟು ಸ್ವಭಾವಕ್ಕೆ ತಕ್ಕ ಒಂದು ಔಷಧವನ್ನು ಹುಡುಕುವುದು ರೂಢಿಯಾಯಿತು. ಕುಳಿತು ದುಡಿಯುವ, ಸಿಡುಕಿನ, ಉಂಡ ಬಳಿಕ ಹೊಟ್ಟೆ ಭಾರವಾಗುವ, ಬೆಳಗಿನ ಮೂರಕ್ಕೆ ಎಚ್ಚತ್ತು ವ್ಯವಹಾರದ ಚಿಂತೆಯಲ್ಲಿ ಮುಳುಗುವ ವ್ಯಕ್ತಿಗೆ ಅವರು ಕೊಡುವ ನಕ್ಸ್ ವಾಮಿಕವು ನಮ್ಮ ಗುಡ್ಡಗಳಲ್ಲಿ ಬೆಳೆಯುವ ಅದೇ ಕಾಸರಕದ ಬೀಜದಿಂದ ಬಂದುದು; ಆಯುರ್ವೇದದಲ್ಲಿಯೂ ಶೋಧನೆಗೊಂಡ ಆ ಬೀಜಕ್ಕೆ ಸ್ಥಾನವಿದೆ. ರೋಗಿಯ ವರ್ಣನೆಯಲ್ಲಿ ಈ ಪದ್ಧತಿ ತೋರುವ ಸೂಕ್ಷ್ಮತೆಯನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಆದರೆ ಮೂಲದ್ರವ್ಯದ ಒಂದು ಅಣುವೂ ಉಳಿಯದಷ್ಟು ತೆಳುಗೊಳಿಸಿದ ಔಷಧವು ಹೇಗೆ ಕೆಲಸ ಮಾಡುವುದೆಂಬ ಪ್ರಶ್ನೆಗೆ ವಿಜ್ಞಾನವು ಒಪ್ಪುವ ಉತ್ತರ ಇಂದಿಗೂ ಬಂದಿಲ್ಲ.

ಆಧುನಿಕ ವೈದ್ಯದ ನೋಟ

ವಾರಕ್ಕೆ 3 ರಾತ್ರಿಗಳಂತೆ 3 ತಿಂಗಳು ನಿದ್ರೆ ಕೆಟ್ಟರೆ ಅದು ದೀರ್ಘಕಾಲಿಕ ಅನಿದ್ರೆಯೆಂದು ಆಧುನಿಕರು ಗೊತ್ತುಪಡಿಸಿದ್ದಾರೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ. ಮಲಗುವ ವೇಳೆಯನ್ನೂ ಹಾಸಿಗೆಯ ಅಭ್ಯಾಸಗಳನ್ನೂ ಆಲೋಚನೆಯ ಜಾಡನ್ನೂ ತಿದ್ದುವ ಮನೋವರ್ತನ ಚಿಕಿತ್ಸೆಯೆಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಸಾರಿತು. ಹೊಟ್ಟೆಯಲ್ಲಿ ಹುಣ್ಣಾಗಲಿ ಗಂತಿಯಾಗಲಿ ಇಲ್ಲದೆಯೇ ಭಾರ, ಉಬ್ಬರ, ಬೇಗನೆ ಹೊಟ್ಟೆ ತುಂಬುವಿಕೆ ಕಾಡಿದರೆ ಅದನ್ನು ಕ್ರಿಯಾತ್ಮಕ ಅಜೀರ್ಣವೆನ್ನುವರು. ಕರುಳಿಗೆ ತನ್ನದೇ ಆದ ನರಜಾಲವಿದ್ದು ವೇಗಸ್ ನರದ ಮೂಲಕ ಮೆದುಳಿನೊಡನೆ ಎರಡೂ ದಿಕ್ಕಿನ ಸಂವಾದ ನಡೆಯುವುದರಿಂದ, ನಿದ್ರೆ ಮೊದಲೋ ಜಠರ ಮೊದಲೋ ಎಂಬ ಪ್ರಶ್ನೆಗೆ ಅವರ ಉತ್ತರವೂ ಎರಡೂ ಎಂದೇ. ಕೆಟ್ಟ ನಿದ್ರೆ ನೋವಿನ ಅರಿವನ್ನು ಹೆಚ್ಚಿಸುತ್ತದೆ; ಮೇಲೆ ಬಂದ ಆಮ್ಲ ನಿದ್ರೆಯನ್ನು ಕಡಿಯುತ್ತದೆ. ತೂಕ ಇಳಿಯುವುದು, ರಕ್ತ ಕಾಣುವುದು, ನುಂಗಲು ಕಷ್ಟವಾಗುವುದು ಇವುಗಳಲ್ಲಿ ಒಂದಾದರೂ ಜೊತೆಗಿದ್ದರೆ ಪ್ರಕೃತಿಯ ಚರ್ಚೆಯನ್ನು ಬದಿಗಿಟ್ಟು ಮೊದಲು ಪರೀಕ್ಷೆ ಮಾಡಿಸಬೇಕೆಂಬ ಅವರ ಮಾತನ್ನು ಯಾವ ಪದ್ಧತಿಯವರೂ ಕಡೆಗಣಿಸಲಾಗದು.

ಪ್ರಕೃತಿಸಿದ್ಧಾಂತವನ್ನು ಪ್ರಯೋಗಶಾಲೆಗೆ ಕೊಂಡೊಯ್ದ ಪ್ರಯತ್ನದಲ್ಲಿ ನಮ್ಮ ಕರಾವಳಿಗೂ ಪಾಲಿದೆ. ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಹೃದಯಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನರ ಪ್ರೇರಣೆಯಿಂದ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದವರೊಡನೆ ಉಡುಪಿಯ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜೂ ಸೇರಿತ್ತು. 3,416 ಮಂದಿಯನ್ನು ಪರೀಕ್ಷಿಸಿ, ಒಂದೇ ದೋಷದ ಪ್ರಾಬಲ್ಯ ಸ್ಪಷ್ಟವಾಗಿದ್ದ 262 ಮಂದಿಯ ವಂಶವಾಹಿಗಳನ್ನು ಹೋಲಿಸಿದಾಗ 52 ಸ್ಥಾನಗಳಲ್ಲಿ ವ್ಯತ್ಯಾಸ ಕಂಡುಬಂದಿತು. ಸಕ್ಕರೆಯ ಪಚನಕ್ಕೆ ಸಂಬಂಧಿಸಿದ ಒಂದು ವಂಶವಾಹಿ ಪಿತ್ತಪ್ರಕೃತಿಯೊಡನೆ ಹೊಂದಿಕೊಂಡಿತು. ಈ ಫಲವು ಸಣ್ಣದಲ್ಲ. ಆದರೆ ಅದು ಪ್ರಕೃತಿಭೇದಕ್ಕೆ ದೈಹಿಕ ಆಧಾರವಿರಬಹುದೆಂದು ತೋರಿಸಿತೇ ಹೊರತು, ಪ್ರಕೃತಿಗನುಗುಣವಾದ ಚಿಕಿತ್ಸೆ ಹೆಚ್ಚು ಫಲಕಾರಿಯೆಂದು ತೋರಿಸಲಿಲ್ಲ.

ಇನ್ನೂ ನಿರ್ಣಯವಾಗದ ಸಂಗತಿಗಳು

ಮೊದಲನೆಯದು ಅಳತೆಯ ಪ್ರಶ್ನೆ. ಒಬ್ಬನೇ ವ್ಯಕ್ತಿಯನ್ನು ಇಬ್ಬರು ನುರಿತ ವೈದ್ಯರು ಬೇರೆಬೇರೆ ಪ್ರಕೃತಿಯವನೆಂದು ನಿರ್ಣಯಿಸುವುದು ಇಲ್ಲಿಯೂ ಉಂಟು, ಕೊರಿಯಾದಲ್ಲಿಯೂ ಉಂಟು; ಪ್ರಶ್ನಾವಳಿಗಳು ಎರಡು ದೇಶಗಳಲ್ಲಿಯೂ ಸಿದ್ಧವಾಗಿದ್ದರೂ, ಹಸಿವು ಹೇಗೆ, ನಿದ್ರೆ ಹೇಗೆ ಎಂದು ಕೇಳಿಯೇ ಪ್ರಕೃತಿಯನ್ನು ನಿರ್ಣಯಿಸಿ, ಅದೇ ಪ್ರಕೃತಿಯಿಂದ ಹಸಿವು ನಿದ್ರೆಗಳನ್ನು ವಿವರಿಸಹೊರಡುವ ಚಕ್ರದಿಂದ ಅವು ಇನ್ನೂ ಹೊರಬಂದಿಲ್ಲ. ಎರಡನೆಯದು ಕ್ರಮದ ಪ್ರಶ್ನೆ: ಒಂದೇ ಬಗೆಯ ರೋಗಿಗಳಲ್ಲಿ ಜಠರವನ್ನು ಮೊದಲು ಉಪಚರಿಸಿದವರನ್ನೂ ನಿದ್ರೆಯನ್ನು ಮೊದಲು ಉಪಚರಿಸಿದವರನ್ನೂ ಎರಡು ಪಂಕ್ತಿಗಳಾಗಿ ವರ್ಷಗಟ್ಟಲೆ ನೋಡಿದ ಹೊರತು, ಇ ಜೆಮಾ ಹೇಳಿದುದು ಸರಿಯೋ ಚರಕನ ವಿಮಾನಸ್ಥಾನ ಹೇಳಿದುದು ಸರಿಯೋ ಎಂಬುದು ತಿಳಿಯಲಾರದು. ಆಯುರ್ವೇದ, ಹೋಮಿಯೋಪಥಿ, ಅಲೋಪಥಿ ಮೂರೂ ಕೂಗಳತೆಯಲ್ಲಿರುವ ಮಂಗಳೂರು ಅಂತಹ ಕಾರ್ಯಕ್ಕೆ ಯೋಗ್ಯವಾದ ಸ್ಥಳವೆಂದು ನನ್ನ ದೃಢವಾದ ಅಭಿಮತ.

ಮೂರನೆಯದೇ ಅತ್ಯಂತ ಕಠಿನವಾದುದು. ವಂಶವಾಹಿಗಳ ಆ ಅಧ್ಯಯನದಲ್ಲಿ ಇದ್ದವರು 20ರಿಂದ 30 ವರ್ಷದೊಳಗಿನ ಗಂಡಸರು. ಅನಿದ್ರೆಯಾದರೋ ಹೆಂಗಸರನ್ನೂ ವೃದ್ಧರನ್ನೂ ಹೆಚ್ಚಾಗಿ ಕಾಡುವ ರೋಗ. ಮುಪ್ಪಿನಲ್ಲಿ ವಾತವು ಎಲ್ಲರಲ್ಲಿಯೂ ಏರುವುದೆಂದೂ ನಿದ್ರೆ ಪಚನಗಳೆರಡೂ ಇಳಿಯುವುವೆಂದೂ ಆಚಾರ್ಯರು ಒಪ್ಪುತ್ತಾರೆ. ಹಾಗಿದ್ದಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬಳು ರಾತ್ರಿ ನಿದ್ರೆಯಿಲ್ಲ, ಒಂದು ಸೌಟು ಗಂಜಿಯೂ ಕರಗದು ಎಂದು ಹೇಳಿಕೊಂಡು ಬಂದಾಗ, ಆಕೆಯಲ್ಲಿ ಕಾಣುವ ವಾತವು ಹುಟ್ಟಿನದೋ, ವಯಸ್ಸಿನದೋ, ರೋಗದ್ದೋ ಎಂಬುದನ್ನು ಬೇರ್ಪಡಿಸಿ ತಿಳಿಯುವ ಉಪಾಯವನ್ನು ಯಾವ ಪದ್ಧತಿಯೂ ಸರ್ವಸಮ್ಮತವಾಗಿ ಇನ್ನೂ ಮುಂದಿಟ್ಟಿಲ್ಲ. ಮೂರಕ್ಕೂ ಚಿಕಿತ್ಸೆ ಮಾತ್ರ ಬೇರೆಬೇರೆ.